ಎದ್ದು ನಿಲ್ಲಿಸುವ ವಿದ್ಯೆ

ಮಗು ಹುಟ್ಟಿದ ಮನೆಯಲ್ಲಿ ಮೊದಲು ನಡೆಯುವ ಕಾರ್ಯಗಳಲ್ಲಿ ಅದರ ಬಲಗಿವಿಯಲ್ಲಿ ಅಝಾನ್ ಹೇಳುವುದೂ ಒಂದು. ಈ ಲೋಕಕ್ಕೆ ಬಂದ ಜೀವದ ಕಿವಿಗೆ ಬೀಳುವ ಮೊದಲ ಮಾತು ಅಲ್ಲಾಹನ ಮಹಿಮೆಯದ್ದಾಗಲಿ ಎಂಬುದು ತಲೆಮಾರುಗಳಿಂದ ನಮ್ಮ ಹಿರಿಯರು ಕಾಪಾಡಿಕೊಂಡು ಬಂದ ಹಂಬಲ. ಆದರೆ ಆ ಮಾತು ಮಗುವಿಗೆ ಕೇಳಿಸಿತೇ ಎಂದು ವಿಚಾರಿಸುವವರು ನಮ್ಮಲ್ಲಿ ಎಷ್ಟು ಮಂದಿ? ನವಜಾತ ಶಿಶುವಿನ ಶ್ರವಣ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಅದರಲ್ಲಿ ಸೂಜಿಯಿಲ್ಲ, ನೋವಿಲ್ಲ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷವಿದೆಯೇ ಎಂಬುದರ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ಇದು ಶ್ರವಣ ತಜ್ಞರು ತಮ್ಮ ಮುಂದೆ ಇಟ್ಟುಕೊಂಡಿರುವ ಗುರಿ. ನಮ್ಮ ಅನೇಕ ಮನೆಗಳಲ್ಲಿ ಮಾತ್ರ, "ಇವನ ಅಪ್ಪನೂ ತಡವಾಗಿಯೇ ಮಾತು ಕಲಿತ" ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ. ಮಿದುಳಿನಲ್ಲಿ ಭಾಷೆ ಬೇರೂರುವ ಕಾಲವೇ ಅದು.

ಇದು ಪ್ರೀತಿಯ ಕೊರತೆಯಿಂದ ಆಗುವುದಲ್ಲ. ಅಂಥ ಮಗುವಿಗಾಗಿ ರಾತ್ರಿಯಿಡೀ ಎದ್ದು ಕುಳಿತ ತಾಯಂದಿರನ್ನು ನಾವು ಕಂಡಿದ್ದೇವೆ. ಹಣದ ಕೊರತೆಯೂ ಎಲ್ಲ ಕಡೆ ಕಾರಣವಲ್ಲ. ಬಹಳ ಸಲ ಕೊರತೆಯಾಗುವುದು ತಿಳಿದವರೊಬ್ಬರ ಮಾತು. ನಮ್ಮ ಮೊಹಲ್ಲಾಗಳಲ್ಲಿ ಇಂದು ಇಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ಅಲ್ಲಾಹನ ಅನುಗ್ರಹದಿಂದ ವೈದ್ಯರೂ ಇದ್ದಾರೆ. ಮಾತು ಬಾರದ ಮಗುವಿಗೆ ಮಾತು ಕಲಿಸಬಲ್ಲವರು, ಲಕ್ವ ಹೊಡೆದು ಮಲಗಿದವರನ್ನು ಮತ್ತೆ ಎದ್ದು ಕೂರಿಸಬಲ್ಲವರು, ಕಾಲು ಕಳೆದುಕೊಂಡವರಿಗೆ ಕಾಲು ಕಟ್ಟಿಕೊಡಬಲ್ಲವರು ಎಷ್ಟು ಮಂದಿ ಇದ್ದಾರೆ? ಪಿ.ಯು.ಸಿ. ಮುಗಿಸಿದ ಮಕ್ಕಳ ಮುಂದಿನ ಓದಿನ ಬಗ್ಗೆ ಮನೆಮನೆಗಳಲ್ಲಿ ಚರ್ಚೆ ನಡೆಯುವ ಈ ದಿನಗಳಲ್ಲಿ, ಅಷ್ಟಾಗಿ ಯಾರೂ ಹೆಸರೆತ್ತದ ಈ ವಿದ್ಯೆಗಳ ಕುರಿತು ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆನಿಸಿದೆ.

ಈ ವಿದ್ಯೆಗಳನ್ನು ಒಟ್ಟಾಗಿ ಪುನರ್ವಸತಿ ವಿಜ್ಞಾನಗಳೆಂದು ಕರೆಯುತ್ತಾರೆ. ಪುನರ್ವಸತಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳು, ಬೇರೆಡೆ ನೆಲೆ ಹುಡುಕಿಕೊಂಡ ಸಂಸಾರಗಳು. ಆ ಅರ್ಥ ಇಲ್ಲಿಗೂ ಒಪ್ಪುತ್ತದೆ. ಲಕ್ವ ಹೊಡೆದವನು ತನ್ನ ದೇಹದಿಂದಲೇ ಒಕ್ಕಲೆದ್ದವನು. ನಿನ್ನೆಯವರೆಗೆ ಹೇಳಿದಂತೆ ಕೇಳುತ್ತಿದ್ದ ಕೈ ಇಂದು ಅವನದಲ್ಲ. ಅವನನ್ನು ಅವನ ಬದುಕಿನಲ್ಲಿ ಮತ್ತೆ ನೆಲೆಗೊಳಿಸುವ ಕೆಲಸವೇ ಪುನರ್ವಸತಿ. ವೈದ್ಯರು ಪ್ರಾಣ ಉಳಿಸುತ್ತಾರೆ. ಉಳಿದ ಪ್ರಾಣ ದಿನದಿನವೂ ಬದುಕುವುದು ಹೇಗೆಂಬ ಪ್ರಶ್ನೆಯನ್ನು ಈ ವೃತ್ತಿಯವರು ಕೈಗೆತ್ತಿಕೊಳ್ಳುತ್ತಾರೆ. ಸ್ನಾಯು ಮತ್ತು ಕೀಲುಗಳ ಚಲನೆಯನ್ನು ಮರಳಿಸುವುದು ಫಿಸಿಯೋಥೆರಪಿ. ಉಣ್ಣುವುದು, ಬಟ್ಟೆ ತೊಡುವುದು, ಬರೆಯುವುದು ಮೊದಲಾದ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವುದು ಆಕ್ಯುಪೇಷನಲ್ ಥೆರಪಿ. ಮಾತು, ಕಿವಿ, ನುಂಗುವಿಕೆಗಳ ತೊಂದರೆಗಳನ್ನು ನೋಡುವುದು ವಾಕ್ ಮತ್ತು ಶ್ರವಣ ವಿಜ್ಞಾನ. ಕೃತಕ ಕೈಕಾಲುಗಳನ್ನೂ ಆಧಾರ ಪಟ್ಟಿಗಳನ್ನೂ ತಯಾರಿಸಿ ಹೊಂದಿಸುವ ವಿದ್ಯೆ ಬೇರೆ, ವಿಶೇಷ ಶಿಕ್ಷಣ ಬೇರೆ.

ಇವು ಆಧುನಿಕ ವಿದ್ಯೆಗಳು ನಿಜ. ಆದರೆ ಇವುಗಳ ಹಿಂದಿರುವ ಕಾಳಜಿ ನಮ್ಮ ದೀನ್‌ಗೆ ಹೊಸದಲ್ಲ. ಪ್ರವಾದಿ ಮೂಸಾರವರಿಗೆ(ಅ) ಫಿರ್‌ಔನನ ಬಳಿಗೆ ಹೋಗುವಂತೆ ಆಜ್ಞೆಯಾದಾಗ ಅವರು ಬೇಡಿದ್ದೇನೆಂಬುದು ಸೂರಃ ತ್ವಾಹಾದಲ್ಲಿದೆ. ಮಾತು ಜನರಿಗೆ ಅರ್ಥವಾಗುವಂತೆ ನಾಲಗೆಯ ಗಂಟು ಸಡಿಲಗೊಳ್ಳಲಿ ಎಂದು ಬೇಡಿದರು. ಅಷ್ಟಕ್ಕೇ ನಿಲ್ಲದೆ, ತನ್ನ ಬೆನ್ನಿಗೆ ಬಲವಾಗಿ ಸಹೋದರ ಹಾರೂನರನ್ನು(ಅ) ಜೊತೆಗೆ ಕೊಡೆಂದೂ ಕೇಳಿಕೊಂಡರು. ಮಾತಿಗೆ ತೊಡಕಿರುವವರಿಗೆ ಪ್ರಾರ್ಥನೆಯೂ ಬೇಕು, ಪಕ್ಕದಲ್ಲಿ ನಿಲ್ಲುವ ಒಬ್ಬ ಜೊತೆಗಾರನೂ ಬೇಕು ಎಂಬುದನ್ನು ಈ ಪ್ರಸಂಗ ನಮಗೆ ಕಲಿಸುತ್ತದೆ.

ಇಮ್ರಾನ್ ಬಿನ್ ಹುಸೈನ್(ರ) ತಮ್ಮ ಅನಾರೋಗ್ಯವನ್ನು ಹೇಳಿಕೊಂಡು ನಮಾಝಿನ ಬಗ್ಗೆ ಕೇಳಿದಾಗ ಪ್ರವಾದಿವರ್ಯರು(ಸ) ಕೊಟ್ಟ ಉತ್ತರ ಸಹೀಹ್ ಬುಖಾರಿಯಲ್ಲಿದೆ. ಸಾಧ್ಯವಾದರೆ ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಿರ್ವಹಿಸಬೇಕೆಂಬುದು ಅದರ ಸಾರ. ಇರುವ ಶಕ್ತಿಯನ್ನು ಅಳೆದು, ಅದಕ್ಕೆ ತಕ್ಕ ಹೆಜ್ಜೆಯನ್ನು ಗೊತ್ತುಪಡಿಸಿ, ಮನುಷ್ಯನನ್ನು ಅವನ ಕರ್ತವ್ಯದಿಂದ ಹೊರಗೆ ತಳ್ಳದೆ ಒಳಗೇ ಉಳಿಸಿಕೊಳ್ಳುವುದು ಈ ಬೋಧನೆಯ ರೀತಿ. ಇಂದು ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ನಡೆಯುವುದೂ ಇದೇ. ಇನ್ನು ಅರ್ಫಜಾ ಬಿನ್ ಅಸ್‌ಅದ್‌ರ(ರ) ಪ್ರಸಂಗವನ್ನು ಅಬೂದಾವೂದ್ ಮತ್ತು ತಿರ್ಮಿದಿ ಉಲ್ಲೇಖಿಸಿದ್ದಾರೆ. ಅಜ್ಞಾನ ಕಾಲದ ಕುಲಾಬ್ ಯುದ್ಧದಲ್ಲಿ ಅವರ ಮೂಗು ಕತ್ತರಿಸಿಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ತಿಳಿಸಿದರು. ಗಂಡಸರಿಗೆ ಚಿನ್ನ ನಿಷಿದ್ಧವಾದ ಶರೀಅತ್‌ನಲ್ಲಿ, ಒಬ್ಬ ಗಾಯಾಳು ಮುಜುಗರವಿಲ್ಲದೆ ಜನರ ನಡುವೆ ಕೂರುವುದಕ್ಕಾಗಿ ಆ ವಿನಾಯಿತಿ ದೊರೆಯಿತು. ಕೃತಕ ಅಂಗವನ್ನು ಧರಿಸುವವನ ಘನತೆಗೆ ಎಂಥ ಬೆಲೆಯಿದೆ ಎಂಬುದನ್ನು ಇದರಿಂದ ಅರಿಯಬಹುದು.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಸಬ್ರ್ ಎಂಬ ಶಬ್ದವು ಕೆಲವೊಮ್ಮೆ ಕೈಕಟ್ಟಿ ಕೂರುವುದಕ್ಕೆ ಹೆಸರಾಗಿಬಿಟ್ಟಿದೆ. "ಅಲ್ಲಾಹನು ಕೊಟ್ಟದ್ದು, ಸಹಿಸಿಕೊಳ್ಳಬೇಕು" ಎಂಬ ಮಾತಿನ ಮೊದಲರ್ಧ ಈಮಾನ್. ಎರಡನೆಯ ಅರ್ಧವೂ ಸರಿಯೇ, ಆದರೆ ಸಹನೆಯ ಜೊತೆಗೆ ಪ್ರಯತ್ನವೂ ಇರಬೇಕು. ಚಿಕಿತ್ಸೆ ಮಾಡಿಕೊಳ್ಳಬಹುದೇ ಎಂದು ಮರುಭೂಮಿಯ ಜನರು ಕೇಳಿದಾಗ, ಮಾಡಿಕೊಳ್ಳಿ, ಮುಪ್ಪೊಂದನ್ನುಳಿದು ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂಬ ಅರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ಕೊಟ್ಟದ್ದು ಉಸಾಮಾ ಬಿನ್ ಶರೀಕ್‌ರ(ರ) ವರದಿಯಲ್ಲಿದೆ. ದಿನಕ್ಕೆ ಮೂರು ಸಲ ಮಗುವಿನ ಬಿಗಿದ ಕಾಲುಗಳನ್ನು ಮೆಲ್ಲನೆ ನೀವಿ ಚಾಚಿಸುವ ತಾಯಿ, ಆರು ತಿಂಗಳ ಬಳಿಕ ಒಂದಂಗುಲದ ಪ್ರಗತಿಯನ್ನು ಕಂಡು ಅಲ್‌ಹಮ್ದುಲಿಲ್ಲಾಹ್ ಎನ್ನುವ ತಾಯಿ, ಇವಳ ಸಬ್ರ್‌ಗಿಂತ ದೊಡ್ಡ ಸಬ್ರ್ ಯಾವುದಿದೆ?

ಇಂಥ ಒಬ್ಬ ತಾಯಿಯ ಹೆಸರನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ಮುಂಬೈಯ ಫಾತಿಮಾ ಇಸ್ಮಾಯಿಲ್ ಸ್ವಾತಂತ್ರ್ಯ ಚಳವಳಿಯಲ್ಲಿದ್ದ ಕುಟುಂಬದವರು. 1940ರ ದಶಕದಲ್ಲಿ ಅವರ ಪುಟ್ಟ ಮಗಳಿಗೆ ಪೋಲಿಯೋ ತಗಲಿತು. ಅಂಥ ಮಕ್ಕಳಿಗೆ ಶಾಸ್ತ್ರೀಯವಾದ ಪುನರ್ವಸತಿ ಚಿಕಿತ್ಸೆ ದೇಶದಲ್ಲಿ ಹುಡುಕಿದರೂ ಸಿಗದ ಕಾಲ ಅದು. ಮದರಾಸಿನ ಮೂಳೆ ತಜ್ಞ ಡಾ. ಎಂ. ಜಿ. ಕಿಣಿಯವರ ಬಳಿ ಮಗಳನ್ನು ಕರೆದೊಯ್ದು ತಿಂಗಳುಗಟ್ಟಲೆ ಚಿಕಿತ್ಸೆ ಕೊಡಿಸಿದರು. ಮಗಳು ಚೇತರಿಸಿಕೊಂಡ ಮೇಲೆ ಆ ತಾಯಿ ತನ್ನ ಮನೆಯ ಬಾಗಿಲು ಹಾಕಿಕೊಂಡು ಸಂತೋಷಪಡಲಿಲ್ಲ. ತನ್ನ ಮಗುವಿಗೆ ಸಿಕ್ಕಿದ್ದು ಉಳಿದ ಮಕ್ಕಳಿಗೂ ಸಿಗಬೇಕೆಂದು 1947ರಲ್ಲಿ ಮುಂಬೈಯಲ್ಲಿ ಪೋಲಿಯೋ ಪೀಡಿತ ಮಕ್ಕಳಿಗಾಗಿ ಚಿಕಿತ್ಸಾ ಕೇಂದ್ರವನ್ನು ತೆರೆದರು. ಮಕ್ಕಳ ಪುನರ್ವಸತಿಗಾಗಿ ಸಂಘ ಕಟ್ಟಿದರು. ಹಾಜಿ ಅಲಿ ಪರಿಸರದಲ್ಲಿ ಇಂದು ಈ ವಿದ್ಯೆಗೆ ಮೀಸಲಾದ ದೊಡ್ಡ ಸಂಸ್ಥೆಗಳು ಇರುವುದರ ಹಿಂದೆ ಅವರ ಪರಿಶ್ರಮವಿದೆ. 1958ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಅದೇ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಕಮಲಾ ನಿಂಬಕರ್ ಅವರು ಆಕ್ಯುಪೇಷನಲ್ ಥೆರಪಿಯ ಶಾಲೆಯನ್ನು ಆರಂಭಿಸಿದ್ದರು. ನಮ್ಮ ದೇಶದಲ್ಲಿ ಈ ವಿದ್ಯೆಗಳ ತಳಪಾಯ ಹಾಕಿದವರಲ್ಲಿ ಹೆಂಗಸರ ಪಾಲು ದೊಡ್ಡದು, ಅವರಲ್ಲಿ ಒಬ್ಬರು ನಮ್ಮ ಸಮುದಾಯದ ತಾಯಿ.

ಈ ಕ್ಷೇತ್ರಕ್ಕೆ ನಮ್ಮ ಮಕ್ಕಳು ಹೋಗಬೇಕೆಂದು ನಾವು ಹೇಳುವುದು ಸಮುದಾಯದ ಹೆಸರಿನಲ್ಲಿ ಎಣಿಕೆ ಹೆಚ್ಚಲಿ ಎಂಬುದಕ್ಕಲ್ಲ. ಪುನರ್ವಸತಿಯ ಸ್ವಭಾವದಲ್ಲಿಯೇ ಅದಕ್ಕೊಂದು ಕಾರಣವಿದೆ. ಜೈಪುರ ಪಾದದ ಕಥೆ ಅದನ್ನು ಚೆನ್ನಾಗಿ ತಿಳಿಸುತ್ತದೆ. ವಿದೇಶೀ ಮಾದರಿಯ ಕೃತಕ ಪಾದವನ್ನು ಬೂಟಿನೊಳಗೆ ಧರಿಸಬೇಕಿತ್ತು. ಅದನ್ನು ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಗದ್ದೆಗೆ ಇಳಿಯಲಾಗದು. ನೆಲದ ಮೇಲೆ ಕುಳಿತು ಉಣ್ಣುವ, ಬರಿಗಾಲಲ್ಲಿ ಮಸೀದಿಗೂ ಮಂದಿರಕ್ಕೂ ಹೋಗುವ ಜನರಿಗೆ ಅದರಿಂದ ಏನು ಪ್ರಯೋಜನ? 1968ರ ಸುಮಾರಿಗೆ ಜೈಪುರದ ಮೂಳೆ ತಜ್ಞ ಡಾ. ಪಿ. ಕೆ. ಸೇಠಿ ಮತ್ತು ಹೆಚ್ಚೇನೂ ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರಬ್ಬರಿನಿಂದ ಬೇರೊಂದು ಪಾದವನ್ನು ರೂಪಿಸಿದರು. ಅದು ಬೂಟು ಬೇಡದ ಪಾದ, ಬಾಗುವ ಪಾದ, ಕೆಸರಿನಲ್ಲಿಯೂ ನಡೆಯಬಲ್ಲ ಪಾದ. ರೋಗಿಯ ಬದುಕನ್ನು ಹತ್ತಿರದಿಂದ ಬಲ್ಲವರು ಮಾತ್ರ ಮಾಡಬಹುದಾದ ಕೆಲಸ ಅದು.

ಇದೇ ಮಾತು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಬಲಗೈ ಬಿದ್ದುಹೋದ ವೃದ್ಧರು ಎಡಗೈಯಲ್ಲಿ ಉಣ್ಣಲು ನಾಚಿ ಅರೆಹೊಟ್ಟೆಯಲ್ಲಿ ಏಳುತ್ತಾರೆ. ಶರೀಅತ್ ಅಶಕ್ತನಿಗೆ ವಿನಾಯಿತಿ ಕೊಟ್ಟಿದೆಯೆಂದು ಹೇಳುತ್ತಲೇ, ಬಲಗೈಗೆ ಬೇಕಾದ ಅಭ್ಯಾಸವನ್ನೂ ಮಾಡಿಸಬಲ್ಲ ಚಿಕಿತ್ಸಕರು ಅವರಿಗೆ ಬೇಕು. ಒಂದೇ ಕೈಯಲ್ಲಿ ವುಝೂ ಮಾಡುವುದು ಹೇಗೆ, ಮೊಣಕಾಲು ಮಡಚಲಾಗದವರು ಕುರ್ಚಿಯಿಂದ ಸುರಕ್ಷಿತವಾಗಿ ಎದ್ದು ನಿಲ್ಲುವುದು ಹೇಗೆ, ಬಚ್ಚಲಿನ ಗೋಡೆಗೆ ಹಿಡಿಕೆಯನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕು, ಇವೆಲ್ಲ ಚಿಕಿತ್ಸೆಯ ಭಾಗವೇ. ಒಳ್ಳೆಯ ಫಿಸಿಯೋಥೆರಪಿಸ್ಟ್ ರೋಗಿಯನ್ನು ಮೊದಲು ಕೇಳುವುದು, "ನಿಮಗೆ ಮತ್ತೆ ಏನು ಮಾಡಬೇಕೆಂದು ಆಸೆ?" ಎಂದು. ಒಬ್ಬ ಅಜ್ಜನಿಗೆ ಹತ್ತು ಮೀಟರ್ ನಡೆಯುವುದು ಗುರಿಯಾಗಿ ಕಾಣದು. ಫಜ್ರ್ ನಮಾಝಿಗೆ ಮಸೀದಿಯ ಸಫ್‌ನಲ್ಲಿ ಸೇರುವುದೆಂದರೆ ಆತ ನೋವು ನುಂಗಿಕೊಂಡು ಅಭ್ಯಾಸಕ್ಕೆ ನಿಲ್ಲುತ್ತಾನೆ.

ಭಾಷೆಯ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಕರ್ನಾಟಕದ ಮುಸ್ಲಿಮರ ಮನೆಮಾತು ಒಂದೇ ಅಲ್ಲ. ಒಳನಾಡಿನಲ್ಲಿ ದಖ್ಖನಿ ಉರ್ದು, ಮಂಗಳೂರು ಕಡೆ ಬ್ಯಾರಿ, ಭಟ್ಕಳದಲ್ಲಿ ನವಾಯತಿ, ಎಷ್ಟೋ ಹಳ್ಳಿಗಳಲ್ಲಿ ಕನ್ನಡವೇ. ಕಿವಿ ಮಂದವಾದ ಮಗುವಿಗೆ ಮನೆಯಲ್ಲಿ 'ಪಾನಿ', ಚಿಕಿತ್ಸೆಯ ಕೋಣೆಯಲ್ಲಿ 'ನೀರು', ಶಾಲೆಯಲ್ಲಿ 'ವಾಟರ್'. ತಾಯಿ ದಿನವಿಡೀ ಆಡುವ ಮಾತಿನಲ್ಲಿಯೇ ಮಗುವಿಗೆ ಮೊದಲ ಪದಗಳು ದೊರೆಯಬೇಕು, ಚಿಕಿತ್ಸೆಯನ್ನು ಮನೆಯಲ್ಲಿ ಮುಂದುವರಿಸುವವಳು ಅವಳೇ. ಆ ಮಾತು ಬಲ್ಲ ತಜ್ಞೆಯೊಬ್ಬಳು ಎದುರಿಗಿದ್ದರೆ ತಾಯಿಗೂ ಧೈರ್ಯ, ಮಗುವಿಗೂ ಹಾದಿ ಸುಗಮ.

ನಮ್ಮ ಮದ್ರಸದಲ್ಲಿ ಕಲಿತ ಹೆಣ್ಣುಮಗಳೊಬ್ಬಳು ವಾಕ್ ಮತ್ತು ಶ್ರವಣ ವಿಜ್ಞಾನದ ಪದವಿಯಲ್ಲಿ ಓದುತ್ತಿದ್ದಾಗ ನಡೆದ ಸಂಗತಿಯೊಂದು ಇಲ್ಲಿ ಹೇಳತಕ್ಕದ್ದು. ರಜೆಗೆ ಊರಿಗೆ ಬಂದಾಗ ಅವಳು ತನ್ನ ತಂದೆಯೊಡನೆ ಮೊಹಲ್ಲಾದ ಹಿರಿಯ ಮುಅಝ್ಝಿನರನ್ನು ನೋಡಲು ಹೋದಳು. ನಾವೂ ಜೊತೆಗಿದ್ದೆವು. ಅವರಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಮೂವತ್ತು ವರ್ಷ ಊರನ್ನು ನಮಾಝಿಗೆ ಕರೆದ ಆ ಕಂಠದಿಂದ ಈಗ ನೀರು ಬೇಕೆಂಬ ಮಾತೂ ಹೊರಡುತ್ತಿರಲಿಲ್ಲ. ಕೈಸನ್ನೆ ಯಾರಿಗೂ ತಿಳಿಯದಾದಾಗ ಲೋಟವನ್ನು ತಳ್ಳಿಬಿಡುತ್ತಿದ್ದರು. ಬುದ್ಧಿಯೂ ಹೋಯಿತೆಂದು ಮನೆಯವರು ಭಾವಿಸಿದ್ದರು. ಹುಡುಗಿ ಅವರ ಕಣ್ಣಿಗೆ ಸಮನಾಗಿ ನೆಲದ ಮೇಲೆ ಕುಳಿತು, ನಿಧಾನವಾಗಿ ಸೂರಃ ಫಾತಿಹಾ ಓದತೊಡಗಿ, ಒಂದು ಕಡೆ ತಟ್ಟನೆ ನಿಲ್ಲಿಸಿದಳು. ಸ್ವಲ್ಪ ಹೊತ್ತು ಮೌನ. ಅನಂತರ ಮುಂದಿನ ಪದ ಅವರ ಬಾಯಿಂದ ಬಂತು, ಅದರ ಹಿಂದೆ ಇನ್ನೊಂದು. ಕೊನೆಯ ವಚನದವರೆಗೂ ಅವರೇ ಓದಿದರು. ಬಾಗಿಲ ಮರೆಯಲ್ಲಿದ್ದ ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡರು.

ಮನೆಯವರು ಇದನ್ನು ಪವಾಡವೆಂದಾಗ ಹುಡುಗಿ ತಡೆದಳು. "ಹಜ್ರತ್, ನೀವೇ ಇವರಿಗೆ ಬಿಡಿಸಿ ಹೇಳಿ. ವಾಸಿಯಾಯಿತೆಂದು ಇವರು ಚಿಕಿತ್ಸೆ ಬಿಟ್ಟುಬಿಟ್ಟರೆ ಕಷ್ಟ" ಎಂದಳು. ಲಕ್ವದಿಂದ ಮಾತು ಹೋದವರಲ್ಲಿ ಅನೇಕರಿಗೆ ಬಾಲ್ಯದಿಂದ ಬಾಯಿಪಾಠವಾದ ಪ್ರಾರ್ಥನೆಗಳು, ಎಣಿಕೆ, ಹಾಡುಗಳು ಉಳಿದಿರುತ್ತವೆ. ಹೊಸದಾಗಿ ಕಟ್ಟಿ ಆಡಬೇಕಾದ ಮಾತು ಬೇರೆ. ಅದನ್ನು ದಿನದಿನವೂ ದುಡಿದು ಪಡೆಯಬೇಕು. ಆದರೆ ಉಳಿದಿರುವುದು ಒಂದು ಬಾಗಿಲು, ಅದರ ಮೂಲಕ ಒಳಗೆ ಹೋಗಲು ಪ್ರಯತ್ನಿಸಬಹುದು ಎಂದು ಅವಳು ವಿವರಿಸಿದಳು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದೊಯ್ಯುವಂತೆ ಒತ್ತಾಯಿಸಿದಳು. ಮುಅಝ್ಝಿನ್ ಸಾಹೇಬರು ಮತ್ತೆ ಅಝಾನ್ ಕೊಡುವಂತಾಗಲಿಲ್ಲ. ಹತ್ತು ಹದಿನೈದು ಪದಗಳು ಮರಳಿದವು. ನೀರು ಕೇಳುತ್ತಾರೆ, ಮೊಮ್ಮಗನನ್ನು ಹೆಸರು ಹಿಡಿದು ಕರೆಯುತ್ತಾರೆ. ಬುದ್ಧಿ ಹೋಗಿದೆಯೆಂದು ಈಗ ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಫಾತಿಹಾ ಬಾರದ ಚಿಕಿತ್ಸಕರೂ ಅವರಿಗೆ ನೆರವಾಗುತ್ತಿದ್ದರು, ನಿಜ. ಆದರೆ ಆ ಬಾಗಿಲು ಎಲ್ಲಿದೆಯೆಂದು ಆ ಹುಡುಗಿಗೆ ಹುಡುಕದೆಯೇ ಗೊತ್ತಿತ್ತು.

ಇನ್ನು ಓದಿನ ವಿಷಯ. ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ ಪದವಿಗಳು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷಗಳವು. ವಿಜ್ಞಾನದಲ್ಲಿ, ಜೀವಶಾಸ್ತ್ರದೊಂದಿಗೆ ಪಿ.ಯು.ಸಿ. ಮಾಡಿರಬೇಕು. ಮೊದಲ ವರ್ಷ ಶರೀರ ರಚನೆ, ಶರೀರ ಕ್ರಿಯೆಗಳ ಪಾಠ. ಮೃತದೇಹದ ಮುಂದೆ ನಿಂತು ಒಂದೊಂದು ಸ್ನಾಯುವಿನ ಹುಟ್ಟು, ಸೇರುವ ಜಾಗ, ಅದನ್ನು ಆಳುವ ನರ ಇವನ್ನು ಗುರುತಿಸಬೇಕು. ಅನಂತರ ಚಲನೆಯ ವಿಜ್ಞಾನ, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ. ಮುಂದೆ ಮೂಳೆ, ನರ, ಹೃದಯ ಮತ್ತು ಶ್ವಾಸಕೋಶಗಳ ರೋಗಿಗಳ ನಡುವೆ ವಾರ್ಡುಗಳಲ್ಲಿ ಕಲಿಕೆ. ವಾಕ್ ಮತ್ತು ಶ್ರವಣ ಪದವಿ ಮೂರು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್ ಎಂಬ ಕ್ರಮದಲ್ಲಿ ನಡೆದುಬಂದಿದೆ. ಈ ವಿದ್ಯೆಯ ದೊಡ್ಡ ಕೇಂದ್ರವೊಂದು ನಮ್ಮ ನಾಡಿನಲ್ಲಿಯೇ ಇದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರದ ಆರೋಗ್ಯ ಸಚಿವಾಲಯದ ಅಧೀನದಲ್ಲಿದೆ. ದೇಶದ ಮೂಲೆಮೂಲೆಗಳಿಂದ ಮಕ್ಕಳು ಅಲ್ಲಿಗೆ ಓದಲು ಬರುತ್ತಾರೆ. ಮೈಸೂರಿಗೆ ಒಂದು ಹಗಲಿನ ಬಸ್ ಪ್ರಯಾಣದಷ್ಟೇ ದೂರದಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಅದರ ಹೆಸರೇ ತಿಳಿದಿಲ್ಲ.

ಮದ್ರಸದಲ್ಲಿ ತಜ್‌ವೀದ್ ಕಲಿತ ಮಕ್ಕಳಿಗೆ ವಾಕ್ ವಿಜ್ಞಾನದ ಒಂದು ಭಾಗ ಪರಿಚಿತವಾಗಿಯೇ ಕಾಣುತ್ತದೆ. ಯಾವ ಅಕ್ಷರ ಗಂಟಲಿನ ಯಾವ ಭಾಗದಿಂದ, ನಾಲಗೆಯ ಯಾವ ಅಂಚಿನಿಂದ ಹೊರಡುತ್ತದೆ ಎಂಬ ಮಖಾರಿಜ್‌ನ ಪಾಠವನ್ನು ಅವರು ಏಳೆಂಟು ವಯಸ್ಸಿನಲ್ಲಿಯೇ ಕಲಿತಿರುತ್ತಾರೆ. ಎಂಟನೆಯ ಶತಮಾನದಲ್ಲಿಯೇ ಸೀಬವೈಹಿ ಅರಬಿ ಧ್ವನಿಗಳ ಈ ಸ್ಥಾನಗಳನ್ನು ವಿವರಿಸಿದ್ದ. ಕನ್ನಡ ವರ್ಣಮಾಲೆಯನ್ನು ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಜೋಡಿಸಿದ ಹಿರಿಯರ ದೃಷ್ಟಿಯೂ ಅದೇ. 'ರ' ಬಾರದ ಮಗುವಿನ ಬಾಯಿಯೊಳಗೆ ನಾಲಗೆ ಎಲ್ಲಿ ತಪ್ಪುತ್ತಿದೆಯೆಂದು ನೋಡುವ ಕಣ್ಣಿಗೆ ಇವೆರಡೂ ಒಳ್ಳೆಯ ಸಿದ್ಧತೆ. ಕೃತಕ ಅಂಗಗಳ ವಿದ್ಯೆಗೆ ಇನ್ನೊಂದು ಬಗೆಯ ಮಕ್ಕಳು ಬೇಕು. ಅಚ್ಚು ತೆಗೆಯುವುದು, ಕಾಯಿಸಿ ಬಾಗಿಸುವುದು, ಚರ್ಮ ಹೊಲಿಯುವುದು, ಉಜ್ಜಿ ನಯಮಾಡುವುದು ಅಲ್ಲಿ ನಿತ್ಯದ ಕೆಲಸ. ಬಡಗಿಗಳ, ಮೆಕ್ಯಾನಿಕ್‌ಗಳ, ದರ್ಜಿಗಳ ಮನೆಯಲ್ಲಿ ಹುಟ್ಟಿದ ನಮ್ಮ ಮಕ್ಕಳ ಕೈಗೆ ಈ ಕುಶಲತೆ ರಕ್ತದಲ್ಲಿಯೇ ಬಂದಿದೆ.

ವಿಜ್ಞಾನ ಓದದವರಿಗೂ ಬಾಗಿಲು ಮುಚ್ಚಿಲ್ಲ. ಪದವಿಯ ಬಳಿಕ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಬಹುದು. ಭಾರತೀಯ ಸಂಜ್ಞಾ ಭಾಷೆಯ ತರಬೇತಿ ಮತ್ತು ಸಂಶೋಧನೆಗಾಗಿ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಗಿದೆ, ಸಂಜ್ಞಾ ಭಾಷೆಯ ದುಭಾಷಿಗಳಾಗಲು ಡಿಪ್ಲೊಮಾ ಕೋರ್ಸುಗಳಿವೆ. ಮದ್ರಸದಲ್ಲಿ ಓದಿದ ತರುಣನೊಬ್ಬ ಸಂಜ್ಞಾ ಭಾಷೆ ಕಲಿತರೆ, ಶುಕ್ರವಾರ ಸಫ್‌ನಲ್ಲಿ ಕುಳಿತು ಖುತ್ಬಾದ ಒಂದು ಅಕ್ಷರವೂ ಕೇಳದೆ ಎದ್ದು ಹೋಗುವ ಕಿವುಡ ಸಹೋದರನಿಗೆ ದೀನ್‌ನ ಮಾತು ತಲುಪುತ್ತದೆ. ಅಂಧರಾದ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ) ಕಲಿಯಬೇಕೆಂಬ ಹಂಬಲದಿಂದ ಬಂದಾಗಿನ ಪ್ರಸಂಗದ ಹಿನ್ನೆಲೆಯಲ್ಲಿ ಸೂರಃ ಅಬಸ ಅವತೀರ್ಣವಾಯಿತು. ಅದೇ ಇಬ್ನ್ ಉಮ್ಮಿ ಮಕ್ತೂಮ್ ಮದೀನಾದ ಮುಅಝ್ಝಿನರಲ್ಲಿ ಒಬ್ಬರಾದರು. ಕಲಿಯಲು ಬಂದ ವಿಕಲಚೇತನನಿಗೆ ದಾರಿ ಬಿಡುವುದು ಎಷ್ಟು ಗಂಭೀರವಾದ ಹೊಣೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆತ್ತವರು ಮುಂದಿಡುವ ಆಕ್ಷೇಪಗಳನ್ನೂ ನೋಡೋಣ. ಪರಪುರುಷರನ್ನು ಮುಟ್ಟಬೇಕಾದ ಓದು ಹೆಣ್ಣುಮಕ್ಕಳಿಗೆ ಏಕೆ ಎನ್ನುತ್ತಾರೆ. ಚಿಕಿತ್ಸೆಯ ಅನಿವಾರ್ಯತೆಯಲ್ಲಿ, ಅಗತ್ಯದ ಮಿತಿಯೊಳಗೆ ಫಿಕ್‌ಹ್ ವಿದ್ವಾಂಸರು ಅನುಮತಿ ನೀಡಿದ್ದಾರೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು(ರ) ಮಸೀದಿಯ ಬಳಿ ಇದ್ದ ರುಫೈದಾರ(ರ) ಡೇರೆಯಲ್ಲಿರಿಸಿ ಉಪಚರಿಸಲಾಯಿತೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಸ್ತನದ ಶಸ್ತ್ರಚಿಕಿತ್ಸೆಯಾದ ತಾಯಿಗೆ ಭುಜದ ವ್ಯಾಯಾಮ ಅತ್ಯಗತ್ಯ. ಚಿಕಿತ್ಸಕರು ಗಂಡಸೆಂದು ತಿಳಿದು ಅವಳು ಹೋಗುವುದನ್ನೇ ಬಿಡುತ್ತಾಳೆ, ಭುಜ ಸೆಟೆದುಕೊಳ್ಳುತ್ತದೆ, ಕೈ ಊದಿಕೊಳ್ಳುತ್ತದೆ. ನಮ್ಮ ಹೆಂಗಸರ ಲಜ್ಜೆಯನ್ನು ಗೌರವಿಸುವವರು ನಮ್ಮ ಹೆಣ್ಣುಮಕ್ಕಳನ್ನು ಈ ಓದಿಗೆ ಕಳುಹಿಸಬೇಕಲ್ಲವೇ?

ಸಂಬಳ ಕಡಿಮೆ ಎಂಬುದು ಎರಡನೆಯ ಮಾತು. ಆರಂಭದ ವರ್ಷಗಳಲ್ಲಿ ಅದು ನಿಜವೇ. ದುಡಿಮೆ ಹೆಚ್ಚು, ಫಲ ನಿಧಾನ. ಬೇಗ ಹಣ ಕಾಣಬೇಕೆನ್ನುವವರು ಇಲ್ಲಿಗೆ ಬಂದು ನಿರಾಶರಾಗುವುದು ಬೇಡ. ಆದರೆ ಅಗತ್ಯಕ್ಕೆ ಕೊನೆಯಿಲ್ಲ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಹೆಚ್ಚು. 1995ರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಇವರೆಲ್ಲರ ಜೊತೆಗೆ ಮುಪ್ಪು, ಅಪಘಾತ, ಲಕ್ವಗಳು ಯಾವ ಮನೆಯ ಬಾಗಿಲನ್ನೂ ಬಿಟ್ಟಿಲ್ಲ.

ಕಾಲೇಜು ಆಯ್ಕೆಯಲ್ಲಿ ಎಚ್ಚರ ಬೇಕು. ವಾಕ್ ಶ್ರವಣ, ಕೃತಕ ಅಂಗ, ವಿಶೇಷ ಶಿಕ್ಷಣದ ಕೋರ್ಸುಗಳಿಗೆ 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆ ಇರಬೇಕು, ಓದು ಮುಗಿದ ಮೇಲೆ ಅಲ್ಲಿ ಹೆಸರು ನೋಂದಾಯಿಸದೆ ವೃತ್ತಿ ನಡೆಸುವಂತಿಲ್ಲ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಗಳು 2021ರ ರಾಷ್ಟ್ರೀಯ ಸಹ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಅದರ ಜೊತೆಗಿರುವ ಆಸ್ಪತ್ರೆಯಲ್ಲಿ ನಿಜವಾಗಿ ರೋಗಿಗಳು ಬರುತ್ತಾರೆಯೇ ಎಂಬುದನ್ನು ಹೋಗಿ ಕಣ್ಣಾರೆ ನೋಡಬೇಕು. ಕಟ್ಟಡದ ಅಂದದಿಂದ ವಿದ್ಯೆ ಬರುವುದಿಲ್ಲ, ರೋಗಿಯ ಮೈಮೇಲೆ ಕೈಯಿಟ್ಟು ಕಲಿತಾಗಲೇ ಬರುತ್ತದೆ.

ಜಮಾಅತ್‌ಗಳಿಗೂ ಇಲ್ಲೊಂದು ಪಾಲಿದೆ. ಊರಿನ ಕೆಲವರು ನಿರ್ವಹಿಸಿದರೆ ಎಲ್ಲರ ಹೊಣೆ ಇಳಿಯುವ, ಯಾರೂ ನಿರ್ವಹಿಸದಿದ್ದರೆ ಎಲ್ಲರೂ ಪಾಪಭಾಗಿಗಳಾಗುವ ಕರ್ತವ್ಯಕ್ಕೆ ಫರ್ಝ್ ಕಿಫಾಯ ಎನ್ನುತ್ತೇವೆ. ಸಮಾಜಕ್ಕೆ ಅನಿವಾರ್ಯವಾದ ವೈದ್ಯವಿದ್ಯೆಯನ್ನು ಇಮಾಮ್ ಗಝಾಲಿ ಈ ಸಾಲಿನಲ್ಲಿಯೇ ಸೇರಿಸಿದ್ದಾರೆ. ಉಮಯ್ಯಾ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ ಅಂಧರಿಗೆ ದಾರಿ ತೋರುವವರನ್ನೂ ನಡೆಯಲಾಗದವರಿಗೆ ಸೇವಕರನ್ನೂ ನೇಮಿಸಿದ್ದನೆಂದು ಇತಿಹಾಸಕಾರರು ಬರೆದಿದ್ದಾರೆ. ನಮ್ಮ ಒಂದೊಂದು ಜಮಾಅತ್ ವರ್ಷಕ್ಕೆ ಒಬ್ಬ ಬಡ ವಿದ್ಯಾರ್ಥಿಯನ್ನಾದರೂ ಝಕಾತ್ ನಿಧಿಯಿಂದ ಈ ಓದಿಗೆ ಕಳುಹಿಸಿದರೆ, ಹತ್ತು ವರ್ಷಗಳಲ್ಲಿ ನಮ್ಮ ತಾಲೂಕುಗಳ ಚಿತ್ರ ಬದಲಾಗುತ್ತದೆ. ಆ ಮಕ್ಕಳು ಓದಿ ಬಂದ ಮೇಲೆ ಅವರ ಚಿಕಿತ್ಸೆ ಎಲ್ಲ ಧರ್ಮದವರಿಗೂ ಸಲ್ಲುತ್ತದೆ, ಸಲ್ಲಬೇಕು.

ಮನುಷ್ಯನ ದೇಹದಲ್ಲಿ 360 ಕೀಲುಗಳಿವೆಯೆಂದೂ ಸೂರ್ಯ ಉದಯಿಸುವ ಪ್ರತಿದಿನವೂ ಒಂದೊಂದು ಕೀಲಿನ ಪರವಾಗಿ ಸದಖಾ ಸಲ್ಲಬೇಕೆಂದೂ ಹದೀಸ್‌ಗಳು ತಿಳಿಸುತ್ತವೆ. ಆ ಸದಖಾಗಳ ಪಟ್ಟಿಯಲ್ಲಿ ಪ್ರವಾದಿವರ್ಯರು(ಸ) ಎಣಿಸಿದ ಒಂದು ಕಾರ್ಯವೆಂದರೆ, ಒಬ್ಬ ಮನುಷ್ಯನಿಗೆ ಅವನ ವಾಹನವನ್ನು ಏರಲು ಕೈಕೊಡುವುದು. ಗಾಲಿಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ, ನೆಲದಿಂದ ನಡಿಗೆಗೆ ಒಬ್ಬರನ್ನು ದಾಟಿಸುವುದನ್ನೇ ಜೀವನವೃತ್ತಿಯಾಗಿ ಮಾಡಿಕೊಂಡವರಿಗೆ ಸಿಗುವ ಪ್ರತಿಫಲ ಎಷ್ಟಿರಬಹುದು! ಈ ವರ್ಷ ನಿಮ್ಮ ಮನೆಯಲ್ಲಿ ಪಿ.ಯು.ಸಿ. ಮುಗಿಸುವ ಮಗನೋ ಮಗಳೋ ಇದ್ದರೆ, ಬೇರೆ ಕೋರ್ಸುಗಳ ಜೊತೆಗೆ ಇವುಗಳ ಹೆಸರನ್ನೂ ಅವರ ಮುಂದಿಡಿ. ಹತ್ತಿರದ ಆಸ್ಪತ್ರೆಯ ಪುನರ್ವಸತಿ ವಿಭಾಗಕ್ಕೆ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಆ ಕೆಲಸಕ್ಕೆ ಮನಸ್ಸು ಮಿಡಿಯುವ ಮಕ್ಕಳು ಅಲ್ಲಿಯೇ ಗುರುತು ಸಿಗುತ್ತಾರೆ.

ನಮ್ಮ ಮಕ್ಕಳ ಕೈಗಳನ್ನು ಅಶಕ್ತರಿಗೆ ಆಸರೆಯಾಗುವ ಕೈಗಳನ್ನಾಗಿ ಅಲ್ಲಾಹನು ಮಾಡಲಿ. ಮಲಗಿದವರಿಗೆ ಏಳುವ ಬಲವನ್ನೂ, ಎಬ್ಬಿಸುವವರಿಗೆ ತಾಳ್ಮೆಯನ್ನೂ ಅವನು ಕರುಣಿಸಲಿ. ಆಮೀನ್.